ಬಿಟ್ಟೋ ಬೈಟೋ? ನೆಟ್‌ವರ್ಕ್ ವೇಗಕ್ಕೆ ತಕ್ಕ ಏಕಮಾನ ಆರಿಸುವ ಬಗೆ

ಸೆಕೆಂಡಿಗೆ 100 ಮೆಗಾಬಿಟ್ ವೇಗದ ಸಂಪರ್ಕ ಪಡೆದವರು ಮೊದಲ ದಿನ ತಪ್ಪದೆ ಮಾಡುವ ಕೆಲಸವೆಂದರೆ ದೊಡ್ಡದೊಂದು ಕಡತವನ್ನು ಡೌನ್‌ಲೋಡ್ ಮಾಡಿ ನೋಡುವುದು. ಪರದೆಯ ಮೂಲೆಯಲ್ಲಿ 11.2 ಎಂಬ ಅಂಕಿ ಬಂದು ನಿಲ್ಲುತ್ತದೆ. ನೂರೆಲ್ಲಿ, ಹನ್ನೊಂದೆಲ್ಲಿ! ಕೂಡಲೇ ಸೇವಾ ಕೇಂದ್ರಕ್ಕೆ ದೂರು ಹೋಗುತ್ತದೆ. ‘ನಮ್ಮ ಕಡೆ ಎಲ್ಲವೂ ಸರಿಯಾಗಿದೆ’ ಎಂಬ ಉತ್ತರ ಬರುತ್ತದೆ. ದೂರು ಕೊಟ್ಟವರ ಸಿಟ್ಟು ಇಮ್ಮಡಿಯಾಗುತ್ತದೆ. ಈ ಜಗಳದಲ್ಲಿ ತಮಾಷೆಯೆಂದರೆ ಇಬ್ಬರ ಮಾತೂ ನಿಜ. ತಂತಿಯ ಮೇಲೆ ಎಣಿಸಿದರೆ ನೂರು, ಪರದೆಯ ಮೇಲೆ ಎಣಿಸಿದರೆ ಹನ್ನೊಂದು ಚಿಲ್ಲರೆ. ಒಂದೇ ವೇಗದ ಎರಡು ಲೆಕ್ಕ.

ನೂರರಿಂದ 11.2ಕ್ಕೆ ಇಳಿಯುವ ದಾರಿಯಲ್ಲಿ ಮೂರು ಮೆಟ್ಟಿಲುಗಳಿವೆ. ಬಿಟ್‌ನಿಂದ ಬೈಟ್‌ಗೆ ಒಂದು, ಪ್ಯಾಕೆಟ್‌ನ (ದತ್ತಾಂಶವನ್ನು ತುಂಡು ಮಾಡಿ ಕಳಿಸುವ ಸಣ್ಣ ಕಟ್ಟು) ಹೊದಿಕೆಗೆ ಇನ್ನೊಂದು, ಸಾವಿರಕ್ಕೂ 1024ಕ್ಕೂ ಇರುವ ಅಂತರಕ್ಕೆ ಮತ್ತೊಂದು. ಕೆಳಗಿನ ಹಂತಗಳಲ್ಲಿ ಆ ಮೂರನ್ನೂ ಇಳಿದು ನೋಡೋಣ. ನನ್ನ ಅನುಭವದಲ್ಲಿ ತಪ್ಪು ನಡೆಯುವುದು ಗುಣಾಕಾರ ಭಾಗಾಕಾರದಲ್ಲಿ ಅಲ್ಲವೇ ಅಲ್ಲ, ಅದಕ್ಕೂ ಮೊದಲೇ. ಪ್ರಶ್ನೆ ಕೇಳುವಾಗಲೇ ಏಕಮಾನವನ್ನು ಆರಿಸಿಕೊಂಡಿರಬೇಕು. ಅಂಕಿ ಕೈಗೆ ಬಂದ ಮೇಲೆ ಆರಿಸಲು ಹೊರಟರೆ ಆಗಲೇ ತಡವಾಗಿರುತ್ತದೆ.

ಹಂತ 1: ಕೇಳುತ್ತಿರುವುದು ವೇಗವನ್ನೋ, ಮೊತ್ತವನ್ನೋ?

ಬ್ಯಾಂಡ್‌ವಿಡ್ತ್ ಎಂಬ ಒಂದೇ ಪದವನ್ನು ಮೂರು ಬಗೆಯ ಜನ ಮೂರು ಅರ್ಥದಲ್ಲಿ ಬಳಸುತ್ತಾರೆ. ರೇಡಿಯೊ ಎಂಜಿನಿಯರ್‌ಗೆ ಅದು ಆವೃತ್ತಿ ಪಟ್ಟಿಯ ಅಗಲ, ಅಳೆಯುವುದು ಹರ್ಟ್ಸ್‌ನಲ್ಲಿ. ವೈಫೈ ರೂಟರಿನ ಸೆಟ್ಟಿಂಗ್‌ಗಳಲ್ಲಿ 20, 40, 80, 160 ಮೆಗಾಹರ್ಟ್ಸ್ ಎಂದು ಕಾಣುವುದು ಇದೇ. ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಅದು ಒಂದು ಸೆಕೆಂಡಿನಲ್ಲಿ ಸಾಗಬಲ್ಲ ಬಿಟ್‌ಗಳ ಸಂಖ್ಯೆ. ವೆಬ್‌ಸೈಟ್‌ಗೆ ಜಾಗ ಕೊಡುವ ಕಂಪನಿಗಳು ‘ತಿಂಗಳಿಗೆ ಇಷ್ಟು ಗಿಗಾಬೈಟ್ ಬ್ಯಾಂಡ್‌ವಿಡ್ತ್’ ಎಂದು ಬರೆದಾಗ ಮಾತ್ರ ಅದು ವೇಗವೇ ಅಲ್ಲ, ತಿಂಗಳಿಡೀ ಸಾಗಿದ ದತ್ತಾಂಶದ ಒಟ್ಟು ಮೊತ್ತ.

ಹರ್ಟ್ಸ್‌ಗೂ ಬಿಟ್‌ಗೂ ನಂಟು ಇದೆ. ಒಂದು ಮಾರ್ಗದಲ್ಲಿ ತಪ್ಪಿಲ್ಲದೆ ಕಳಿಸಬಹುದಾದ ಬಿಟ್‌ಗಳ ಗರಿಷ್ಠ ವೇಗವು ಪಟ್ಟಿಯ ಅಗಲವನ್ನೂ, ಗದ್ದಲಕ್ಕೆ ಹೋಲಿಸಿದರೆ ಸಂಕೇತ ಎಷ್ಟು ಬಲವಾಗಿದೆ ಎಂಬುದನ್ನೂ ಅವಲಂಬಿಸಿದೆ ಎಂದು ಕ್ಲಾಡ್ ಶಾನನ್ 1948ರಲ್ಲಿ ತೋರಿಸಿಕೊಟ್ಟರು. ಹಾಗಾಗಿ 80 ಮೆಗಾಹರ್ಟ್ಸ್ ಚಾನೆಲ್ ಎಂದರೆ 80 ಮೆಗಾಬಿಟ್ ಎಂದು ಅರ್ಥವಲ್ಲ. ರೂಟರಿನ ಪಕ್ಕದಲ್ಲಿ ಕೂತಾಗ ಅದೇ ಚಾನೆಲ್ ಕೊಡುವ ವೇಗ ಒಂದು, ಎರಡು ಗೋಡೆಗಳ ಆಚೆ ಕೊಡುವ ವೇಗ ಇನ್ನೊಂದು. ಹಳೆಯ ಮೋಡೆಮ್‌ಗಳ ಕಾಲದ ‘ಬಾಡ್’ ಕೂಡ ಇಂಥದೇ ದಾಯಾದಿ. ಎಮಿಲ್ ಬೋಡೊ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿನಿಂದ ಬಂದ ಈ ಏಕಮಾನ ಸೆಕೆಂಡಿಗೆ ಎಷ್ಟು ಸಂಕೇತಗಳು ಬದಲಾಗುತ್ತವೆ ಎಂಬುದನ್ನು ಎಣಿಸುತ್ತದೆ. ಒಂದು ಸಂಕೇತ ನಾಲ್ಕು ಬಿಟ್ ಹೊತ್ತರೆ 2400 ಬಾಡ್‌ನ ಮೋಡೆಮ್ 9600 ಬಿಟ್ ಕಳಿಸುತ್ತದೆ. ಎರಡನ್ನೂ ಒಂದೇ ಎಂದುಕೊಂಡವರು ಆಗಲೂ ಇದ್ದರು, ಈಗಲೂ ಇದ್ದಾರೆ.

ವೇಗ ಮತ್ತು ಮೊತ್ತದ ನಡುವೆ ಓಡಾಡಲು ಎರಡು ಅಂಕಿಗಳನ್ನು ಬಾಯಿಪಾಠ ಮಾಡಿಕೊಂಡರೆ ಸಾಕು. ಸೆಕೆಂಡಿಗೆ 1 ಮೆಗಾಬಿಟ್‌ನಂತೆ ಬಿಡುವಿಲ್ಲದೆ ಹರಿದರೆ ದಿನಕ್ಕೆ 10.8 ಗಿಗಾಬೈಟ್ ಆಗುತ್ತದೆ, 30 ದಿನಗಳ ತಿಂಗಳಿಗೆ 324 ಗಿಗಾಬೈಟ್. ತಿಂಗಳಿಗೆ ಒಂದು ಟೆರಾಬೈಟ್ ಸಾಗಿಸುವ ಸರ್ವರ್ ಎಂದು ಕೇಳಿದಾಗ ದೊಡ್ಡ ಕೊಳವೆಯೇ ಬೇಕೆನಿಸುತ್ತದೆ. ಸರಾಸರಿ ತೆಗೆದರೆ ಅದು ಸೆಕೆಂಡಿಗೆ ಬರೀ 3.1 ಮೆಗಾಬಿಟ್. ಅತ್ತ ಸೆಕೆಂಡಿಗೆ 5 ಮೆಗಾಬಿಟ್‌ನ ವಿಡಿಯೊ ನೋಡುವವರಿಗೆ ಅದು ಸಣ್ಣದೆನಿಸುತ್ತದೆ. ಒಂದು ಗಂಟೆ ನೋಡಿದರೆ ಎರಡೂಕಾಲು ಗಿಗಾಬೈಟ್ ಖರ್ಚಾಗಿರುತ್ತದೆ. ಆದ್ದರಿಂದ ಸಂಪರ್ಕದ ಗಾತ್ರ ನಿರ್ಧರಿಸುವಾಗ ವೇಗದ ಏಕಮಾನ, ತಿಂಗಳ ಬಿಲ್ ಅಥವಾ ಬಳಕೆಯ ಮಿತಿ ನೋಡುವಾಗ ಮೊತ್ತದ ಏಕಮಾನ. ‘ಪ್ರತಿ ಸೆಕೆಂಡಿಗೆ’ ಎಂಬ ಬಾಲ ಇಲ್ಲದ ಅಂಕಿಯನ್ನು ಯಾರಾದರೂ ವೇಗವೆಂದು ಕೊಟ್ಟರೆ ಅದನ್ನು ಹಾಗೆಯೇ ಹಿಂದಿರುಗಿಸಿ.

ಹಂತ 2: ಬಿಟ್‌ನಲ್ಲಿ ಎಣಿಸಬೇಕೋ, ಬೈಟ್‌ನಲ್ಲೋ?

ಎಂಟು ಬಿಟ್ ಸೇರಿದರೆ ಒಂದು ಬೈಟ್. ಇಷ್ಟು ಎಲ್ಲರಿಗೂ ಗೊತ್ತು. ನೆಟ್‌ವರ್ಕ್‌ನವರು ಮಾತ್ರ ಏಕೆ ಬಿಟ್‌ಗೆ ಅಂಟಿಕೊಂಡರು ಎಂಬುದು ಅಷ್ಟಾಗಿ ಗೊತ್ತಿಲ್ಲ. ‘ದೊಡ್ಡ ಅಂಕಿ ತೋರಿಸಿ ಮಾರುವ ಹುನ್ನಾರ’ ಎಂದು ಹೇಳುವವರಿದ್ದಾರೆ. ಮಾರುವವರಿಗೆ ಅದರಿಂದ ಲಾಭವಾಗಿರಬಹುದು, ಆದರೆ ಮೂಲ ಅಲ್ಲಿಲ್ಲ. ತಂತಿಯ ಮೇಲೆ ಬಿಟ್‌ಗಳು ಒಂದರ ಹಿಂದೆ ಒಂದು ಸಾಲಾಗಿ ಹೋಗುತ್ತವೆ. ಎಲ್ಲಿಗೆ ಒಂದು ಬೈಟ್ ಮುಗಿಯಿತು ಎಂಬುದು ತಂತಿಗೆ ಬೇಕಿಲ್ಲ. ಬೈಟ್ ಎಂಬ ಪದವನ್ನು ವರ್ನರ್ ಬುಕ್‌ಹೋಲ್ಜ್ 1956ರಲ್ಲಿ ಐಬಿಎಂನಲ್ಲಿ ಟಂಕಿಸಿದರು, ಮತ್ತು ಬಹುಕಾಲ ಅದರ ಗಾತ್ರ ಯಂತ್ರದಿಂದ ಯಂತ್ರಕ್ಕೆ ಬೇರೆಯಾಗಿತ್ತು. ಆರು ಬಿಟ್‌ನ ಬೈಟ್ ಇತ್ತು, ಒಂಬತ್ತರದ್ದೂ ಇತ್ತು. ಹೀಗಿರುವಾಗ ಎರಡು ಬೇರೆ ಯಂತ್ರಗಳ ನಡುವಿನ ತಂತಿಯ ವೇಗವನ್ನು ಬೈಟ್‌ನಲ್ಲಿ ಹೇಳಿದರೆ ಯಾರ ಬೈಟ್? ಇಂದಿಗೂ ನೆಟ್‌ವರ್ಕ್ ಮಾನಕಗಳು ಎಂಟು ಬಿಟ್‌ನ ಗುಂಪನ್ನು ‘ಆಕ್ಟೆಟ್’ ಎಂದು ಕರೆಯುವುದು ಆ ಕಾಲದ ಎಚ್ಚರಿಕೆಯ ಉಳಿಕೆ.

ದೂರವಾಣಿಯ ಲೆಕ್ಕವೂ ಬಿಟ್‌ನಲ್ಲೇ ಶುರುವಾಯಿತು. ಮಾತಿನ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆದು, ಪ್ರತಿ ಅಳತೆಗೆ 8 ಬಿಟ್ ಕೊಟ್ಟರೆ ಸೆಕೆಂಡಿಗೆ 64,000 ಬಿಟ್. ಆ 64 ಕಿಲೋಬಿಟ್‌ನ ಕಾಲುವೆಗಳನ್ನು 32 ಸೇರಿಸಿದಾಗ 2.048 ಮೆಗಾಬಿಟ್‌ನ ಇ1 ಮಾರ್ಗವಾಯಿತು. ಇಲ್ಲಿ 2048 ಕಂಡ ಕೂಡಲೇ ಕಂಪ್ಯೂಟರಿನ ಎರಡರ ಘಾತವೆಂದು ಭ್ರಮಿಸಬೇಡಿ. ಅದು ಶುದ್ಧ ದಶಮಾಂಶ ಲೆಕ್ಕ, 32 ಗುಣಿಸು 64,000.

ಆರಿಸುವ ವಿಧಾನ ಸರಳ. ತಂತಿ, ಪೋರ್ಟ್, ರೂಟರ್, ಇಂಟರ್ನೆಟ್ ಯೋಜನೆ, ವಿಡಿಯೊ ಹರಿವು, ಇವುಗಳ ಮಾತು ಬಂದಾಗ ಬಿಟ್. ಕಡತ, ಡಿಸ್ಕ್, ಮೆಮೊರಿ, ಬ್ಯಾಕಪ್, ಇವುಗಳಿಗೆ ಬೈಟ್. ಎರಡೂ ಕಡೆ ಕಾಲಿಟ್ಟ ಪ್ರಶ್ನೆಗಳಿರುತ್ತವೆ: ‘ಈ ಬ್ಯಾಕಪ್ ಈ ಸಂಪರ್ಕದಲ್ಲಿ ಎಷ್ಟು ಹೊತ್ತಿಗೆ ಮುಗಿಯುತ್ತದೆ?’ ಆಗ ಎರಡನ್ನೂ ಬಿಟ್‌ಗೆ ಇಳಿಸಿ, ಭಾಗಿಸಿ, ಉತ್ತರವನ್ನು ನಿಮಿಷದಲ್ಲಿ ಹೇಳಿ. ಕೇಳಿದವರಿಗೆ ಬೇಕಿರುವುದು ಸಮಯ. ಅವರ ತಲೆಗೆ ಮೆಗಾಬಿಟ್ ತುಂಬುವುದರಿಂದ ಉಪಯೋಗವಿಲ್ಲ.

ನಮ್ಮ ಮೊದಲ ಮೆಟ್ಟಿಲು ಇಲ್ಲಿಗೆ ಇಳಿದಂತಾಯಿತು. 100 ಮೆಗಾಬಿಟ್ ಭಾಗಿಸು 8, ಸೆಕೆಂಡಿಗೆ 12.5 ಮೆಗಾಬೈಟ್.

ಹಂತ 3: ಯಾವ ಪದರದಲ್ಲಿ ನಿಂತು ಅಳೆಯುತ್ತಿದ್ದೀರಿ?

ಲೇಖನಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವುದು ಈ ಹಂತ, ಅದಕ್ಕೇ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ದತ್ತಾಂಶ ತಂತಿಯ ಮೇಲೆ ಬರಿಮೈಯಲ್ಲಿ ಹೋಗುವುದಿಲ್ಲ, ಪದರ ಪದರವಾಗಿ ಹೊದಿಕೆ ಹೊದ್ದು ಹೋಗುತ್ತದೆ. ಆ ಹೊದಿಕೆಗಳಿಗೂ ಜಾಗ ಬೇಕು. ಸಾಮಾನ್ಯ ಈಥರ್ನೆಟ್‌ನಲ್ಲಿ, ಅಂದರೆ ತಂತಿ ಜಾಲದ ಪ್ರಚಲಿತ ಪದ್ಧತಿಯಲ್ಲಿ, ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರ 1500 ಬೈಟ್. ಅದರೊಳಗೆ ವಿಳಾಸ ಹೊತ್ತ ಐಪಿ ತಲೆಬರಹಕ್ಕೆ 20, ಎಲ್ಲ ತುಂಡುಗಳೂ ತಲುಪಿದವೇ ಎಂದು ನೋಡಿಕೊಳ್ಳುವ ಟಿಸಿಪಿ ತಲೆಬರಹಕ್ಕೆ 20, ಹೆಚ್ಚಿನ ಯಂತ್ರಗಳು ಸೇರಿಸುವ ಸಮಯಮುದ್ರೆಗೆ 12 ಬೈಟ್ ಹೋಗಿ ನಿಮ್ಮ ಕಡತಕ್ಕೆ ಉಳಿಯುವುದು 1448. ಹೊರಗಿನಿಂದ ಈಥರ್ನೆಟ್ ತನ್ನ 14 ಬೈಟ್ ತಲೆಬರಹ, ಕೊನೆಯಲ್ಲಿ ತಪ್ಪು ಪತ್ತೆಗೆಂದು 4 ಬೈಟ್ ಸೇರಿಸುತ್ತದೆ. ಅದಕ್ಕೂ ಮುಂಚೆ 8 ಬೈಟ್‌ನ ಪೀಠಿಕೆ, ಆಮೇಲೆ ಮುಂದಿನ ಫ್ರೇಮ್ (ಈಥರ್ನೆಟ್ ಹೊದಿಕೆ ಸಮೇತವಾದ ಪ್ಯಾಕೆಟ್) ಬರುವ ತನಕ 12 ಬೈಟ್‌ನಷ್ಟು ಮೌನ. ಎಲ್ಲ ಕೂಡಿದರೆ ತಂತಿಯಲ್ಲಿ 1538 ಬೈಟ್‌ನ ಜಾಗ.

1448ನ್ನು 1538ರಿಂದ ಭಾಗಿಸಿ: ನೂರಕ್ಕೆ 94.15. ತಂತಿ ಪೂರ್ತಿ ತುಂಬಿ ಹರಿಯುತ್ತಿದ್ದರೂ ಕಡತಕ್ಕೆ ಸಿಗುವುದು ಇಷ್ಟೇ. ಗಿಗಾಬಿಟ್ ಸಂಪರ್ಕವನ್ನು ಪರೀಕ್ಷಿಸಿದಾಗ 941 ಮೆಗಾಬಿಟ್ ಎಂಬ ಅಂಕಿ ಮತ್ತೆ ಮತ್ತೆ ಕಾಣುವುದರ ಗುಟ್ಟು ಇದು. ಕಾಣೆಯಾದ 59ನ್ನು ಹುಡುಕುತ್ತಾ ಕೇಬಲ್ ಬದಲಾಯಿಸಿದವರನ್ನು ನಾನು ಕಂಡಿದ್ದೇನೆ. ಆ ಕೇಬಲ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡುತ್ತಿತ್ತು.

ಎರಡನೆಯ ಮೆಟ್ಟಿಲು: 12.5 ಗುಣಿಸು 0.9415, ಸೆಕೆಂಡಿಗೆ 11.77 ಮೆಗಾಬೈಟ್. ದಿನಬಳಕೆಗೆ ಇದರಿಂದ ಒಂದು ಸುಲಭ ಸೂತ್ರ ಸಿಗುತ್ತದೆ. ಮೆಗಾಬಿಟ್‌ನ ಅಂಕಿಯನ್ನು ಎಂಟರ ಬದಲು ಎಂಟೂವರೆಯಿಂದ ಭಾಗಿಸಿದರೆ ನಿಜಕ್ಕೆ ಸಮೀಪದ ಮೆಗಾಬೈಟ್ ಬರುತ್ತದೆ. ಹತ್ತರಿಂದ ಭಾಗಿಸುವ ಅಭ್ಯಾಸ ಕೆಲವು ಹಿರಿಯರಲ್ಲಿದೆ. ಅದು ಸೀರಿಯಲ್ ತಂತಿಗಳ ಕಾಲದ್ದು. ಅಲ್ಲಿ ಪ್ರತಿ ಬೈಟ್‌ಗೆ ಆರಂಭದ ಒಂದು ಬಿಟ್, ಕೊನೆಯ ಒಂದು ಬಿಟ್ ಸೇರಿ ಹತ್ತು ಬಿಟ್ ಹೋಗುತ್ತಿದ್ದರಿಂದ 9600 ಬಿಟ್ ಎಂದರೆ ಕರಾರುವಾಕ್ಕಾಗಿ 960 ಅಕ್ಷರ. ಈಗ ಹತ್ತರ ಸೂತ್ರ ಬಳಸಿದರೆ ಅಂದಾಜು ಸ್ವಲ್ಪ ಕಡಿಮೆ ಬರುತ್ತದೆ, ಆದರೆ ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳುವ ಭಯವಿಲ್ಲ.

ಹೀಗಾಗಿ ಅಂಕಿಯೊಂದಿಗೆ ಅಳೆದ ಜಾಗವನ್ನೂ ಹೇಳಬೇಕು. ‘ಪೋರ್ಟ್‌ನ ವೇಗ ಸೆಕೆಂಡಿಗೆ 1 ಗಿಗಾಬಿಟ್’ ಎಂಬುದೂ ‘ಟಿಸಿಪಿಯಲ್ಲಿ ದೊರೆತದ್ದು 941 ಮೆಗಾಬಿಟ್’ ಎಂಬುದೂ ಪರಸ್ಪರ ವಿರುದ್ಧವಲ್ಲ. ಮೊದಲನೆಯದು ಸಾಮರ್ಥ್ಯ, ಎರಡನೆಯದು ಕೈಗೆ ದಕ್ಕಿದ್ದು. ಎರಡಕ್ಕೂ ಬ್ಯಾಂಡ್‌ವಿಡ್ತ್ ಎಂಬ ಒಂದೇ ಹೆಸರಿಟ್ಟು ವರದಿ ಬರೆದರೆ ಓದಿದವರು ನಿಮ್ಮ ಮೇಲೆಯೇ ಗುಮಾನಿ ಪಡುತ್ತಾರೆ.

ದಿಕ್ಕಿನ ವಿಷಯವೂ ಇಲ್ಲಿಯೇ. ಗಿಗಾಬಿಟ್ ಪೋರ್ಟ್ ಏಕಕಾಲಕ್ಕೆ ಎರಡೂ ದಿಕ್ಕಿನಲ್ಲಿ ಒಂದೊಂದು ಗಿಗಾಬಿಟ್ ಸಾಗಿಸಬಲ್ಲದು. ಒಂದೊಂದು ಗಿಗಾಬಿಟ್‌ನ 24 ಪೋರ್ಟ್‌ಗಳಿರುವ ಸ್ವಿಚ್‌ನ ಪೆಟ್ಟಿಗೆಯ ಮೇಲೆ 48 ಗಿಗಾಬಿಟ್ ಎಂದಿದ್ದರೆ ಎರಡೂ ದಿಕ್ಕುಗಳನ್ನು ಕೂಡಿಸಿ ಬರೆದಿದ್ದಾರೆ ಎಂದರ್ಥ. ನಿಮ್ಮ ವರದಿಯಲ್ಲಿ ಒಳಹರಿವು, ಹೊರಹರಿವು ಎರಡನ್ನೂ ಬೇರೆಬೇರೆಯಾಗಿಯೇ ಇಡಿ.

ಹಂತ 4: ಸಾವಿರವೋ, 1024ವೋ?

ನೆಟ್‌ವರ್ಕ್ ಲೋಕದಲ್ಲಿ ಈ ಪ್ರಶ್ನೆಗೆ ಒಂದೇ ಉತ್ತರ: ಸಾವಿರ. ಕಿಲೋ ಎಂದರೆ ಸಾವಿರ, ಮೆಗಾ ಎಂದರೆ ಹತ್ತು ಲಕ್ಷ, ಗಿಗಾ ಎಂದರೆ ನೂರು ಕೋಟಿ. ಹಳೆಯ 10 ಮೆಗಾಬಿಟ್ ಈಥರ್ನೆಟ್‌ನಿಂದ ಹಿಡಿದು ಇಂದಿನ ನೂರಾರು ಗಿಗಾಬಿಟ್‌ಗಳ ಮಾರ್ಗಗಳವರೆಗೆ ಎಲ್ಲವೂ ದಶಮಾಂಶದ ಲೆಕ್ಕವೇ. ಇಲ್ಲಿ 1024ಕ್ಕೆ ಜಾಗವೇ ಇಲ್ಲ.

ತೊಂದರೆ ಬರುವುದು ಪಕ್ಕದ ಮನೆಯಿಂದ. ಮೆಮೊರಿ ಚಿಪ್‌ಗಳು ಎರಡರ ಘಾತದಲ್ಲಿ ತಯಾರಾಗುವುದರಿಂದ ಅವರು 1024ನ್ನು ಕಿಲೋ ಎನ್ನತೊಡಗಿದರು. ಡಿಸ್ಕ್ ತಯಾರಕರು ಸಾವಿರವನ್ನೇ ಉಳಿಸಿಕೊಂಡರು. ಒಂದು ಟೆರಾಬೈಟ್ ಡಿಸ್ಕನ್ನು ವಿಂಡೋಸ್ 931 ಗಿಗಾಬೈಟ್ ಎಂದು ತೋರಿಸುವುದು ಇದರ ಫಲ. ಎರಡೂ ಬಗೆಯನ್ನು ಒಂದೇ ಅಂಕಿಯೊಳಗೆ ಕಲಸಿದ ಮಹಾನುಭಾವರೂ ಇದ್ದಾರೆ: 1.44 ಮೆಗಾಬೈಟ್ ಎಂದು ಪ್ರಸಿದ್ಧವಾದ ಫ್ಲಾಪಿಯಲ್ಲಿ ಇದ್ದದ್ದು 14,74,560 ಬೈಟ್, ಅಂದರೆ 1440 ಗುಣಿಸು 1024. ಆ ‘ಮೆಗಾ’ ಹತ್ತು ಲಕ್ಷವೂ ಅಲ್ಲ, 10,48,576 ಕೂಡ ಅಲ್ಲ. ಸಾವಿರ ಗುಣಿಸು 1024 ಎಂಬ ಮೂರನೆಯ ಪ್ರಾಣಿ.

ಈ ಗೋಜಲನ್ನು ಬಿಡಿಸಲು ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗ 1998ರಲ್ಲಿ ಕಿಬಿ, ಮೆಬಿ, ಗಿಬಿ ಎಂಬ ಹೊಸ ಉಪಸರ್ಗಗಳನ್ನು ಒಪ್ಪಿತು. ಕಿಬಿಬೈಟ್ ಎಂದರೆ 1024 ಬೈಟ್, ಮೆಬಿಬೈಟ್ ಎಂದರೆ 10,48,576 ಬೈಟ್. ಹೆಸರುಗಳು ಕೇಳಲು ಮಕ್ಕಳ ಆಟಿಕೆಯಂತಿವೆ ಎಂದು ಮೂಗು ಮುರಿದವರಲ್ಲಿ ನಾನೂ ಒಬ್ಬ. ಈಗ ಮನಸ್ಸು ಬದಲಾಗಿದೆ. ಆಟಿಕೆಯ ಹೆಸರಾದರೂ ಅದಕ್ಕೆ ಒಂದೇ ಅರ್ಥ.

ಅಂತರ ಎಷ್ಟು ದೊಡ್ಡದು ಎನ್ನುವುದು ಮೇಲೇರಿದಂತೆ ಬೆಳೆಯುತ್ತದೆ. ಕಿಲೋ ಮಟ್ಟದಲ್ಲಿ ಶೇಕಡಾ 2.4, ಮೆಗಾದಲ್ಲಿ 4.9, ಗಿಗಾದಲ್ಲಿ 7.4, ಟೆರಾಕ್ಕೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಹತ್ತು. ಮೋಡೆಮ್ ಕಾಲದಲ್ಲಿ ನಿರ್ಲಕ್ಷಿಸಬಹುದಾಗಿದ್ದ ವ್ಯತ್ಯಾಸ ಈಗ ಲೆಕ್ಕ ತಪ್ಪಿಸುವಷ್ಟು ದೊಡ್ಡದು. 50 ಗಿಗಾಬೈಟ್‌ನ ಬ್ಯಾಕಪ್ ನಮ್ಮ 100 ಮೆಗಾಬಿಟ್ ಸಂಪರ್ಕದಲ್ಲಿ ಸುಮಾರು 71 ನಿಮಿಷ ತೆಗೆದುಕೊಳ್ಳುತ್ತದೆ. ಆ 50 ನಿಜಕ್ಕೂ ಗಿಬಿಬೈಟ್ ಆಗಿದ್ದರೆ 76 ನಿಮಿಷ.

ಮೂರನೆಯ ಮೆಟ್ಟಿಲು ಇಲ್ಲಿದೆ: ಸೆಕೆಂಡಿಗೆ 11.77 ಮೆಗಾಬೈಟ್ ಎಂದರೆ 11.22 ಮೆಬಿಬೈಟ್. ಡೌನ್‌ಲೋಡ್ ಪರದೆ ಮೆಬಿಬೈಟ್‌ನಲ್ಲಿ ಎಣಿಸಿ, ‘ಮೆಗಾಬೈಟ್’ ಎಂದು ಹೆಸರಿಟ್ಟು 11.2 ತೋರಿಸಿತ್ತು. ತಂತಿ ಪೂರ್ಣ ನೂರರಲ್ಲೇ ಓಡುತ್ತಿತ್ತು. ಸೇವಾ ಕೇಂದ್ರದವರು ಹೇಳಿದ್ದು ಸರಿ, ಬಿಡಿಸಿ ಹೇಳುವ ತಾಳ್ಮೆ ಮಾತ್ರ ಅವರಿಗಿರಲಿಲ್ಲ.

ಹಂತ 5: ಎಷ್ಟು ಹೊತ್ತಿನ ಸರಾಸರಿ?

‘ಪ್ರತಿ ಸೆಕೆಂಡಿಗೆ’ ಎಂದು ಬರೆದ ಮಾತ್ರಕ್ಕೆ ಯಾರೂ ಒಂದು ಸೆಕೆಂಡು ಅಳೆದಿರುತ್ತಾರೆ ಎಂದಲ್ಲ. ನೆಟ್‌ವರ್ಕ್ ನಿಗಾ ವ್ಯವಸ್ಥೆಗಳು ಹೆಚ್ಚಾಗಿ ಐದು ನಿಮಿಷಕ್ಕೊಮ್ಮೆ ರೂಟರಿನ ಎಣಿಕೆ ಓದಿ, ಹಿಂದಿನದನ್ನು ಕಳೆದು, 300ರಿಂದ ಭಾಗಿಸುತ್ತವೆ. 100 ಮೆಗಾಬಿಟ್‌ನ ಮಾರ್ಗ ತೊಂಬತ್ತು ಸೆಕೆಂಡು ಉಸಿರುಗಟ್ಟುವಷ್ಟು ತುಂಬಿ, ಉಳಿದ ಮೂರೂವರೆ ನಿಮಿಷ ಖಾಲಿ ಇದ್ದರೆ ನಕ್ಷೆಯಲ್ಲಿ 30 ಮೆಗಾಬಿಟ್ ಎಂದು ಕಾಣುತ್ತದೆ. ಬಳಕೆದಾರರು ‘ನಿಂತುಹೋಯಿತು’ ಎಂದು ದೂರುತ್ತಾರೆ, ನಕ್ಷೆ ‘ಮೂರನೇ ಒಂದು ಭಾಗವೂ ಬಳಕೆಯಾಗಿಲ್ಲ’ ಎನ್ನುತ್ತದೆ. ಮತ್ತೆ ಅದೇ ಜಗಳ.

ದೀರ್ಘಾವಧಿಯ ಯೋಜನೆಗೆ ಐದು ನಿಮಿಷದ ಸರಾಸರಿ ಸಾಕು. ಕರೆ ಕಡಿದುಹೋಗುವುದು, ವಿಡಿಯೊ ತಡವರಿಸುವುದು ಇಂಥ ತೊಂದರೆ ಹುಡುಕುವಾಗ ಒಂದು ಸೆಕೆಂಡಿಗೆ, ಸಾಧ್ಯವಾದರೆ ಅದಕ್ಕೂ ಕೆಳಗೆ ಇಳಿಯಬೇಕು. ಹಣ ಕೊಡುವ ಲೆಕ್ಕಕ್ಕೆ ಡೇಟಾ ಸೆಂಟರ್‌ಗಳಲ್ಲಿ ಇನ್ನೊಂದು ಪದ್ಧತಿ ಇದೆ: ತಿಂಗಳಿಡೀ ಐದೈದು ನಿಮಿಷದ ಅಳತೆಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿ ಮೇಲಿನ ಶೇಕಡಾ ಐದನ್ನು ಕೈಬಿಟ್ಟು, ಅದರ ಕೆಳಗೆ ಉಳಿದ ಗರಿಷ್ಠ ಅಂಕಿಗೆ ಬಿಲ್ ಮಾಡುವುದು. 30 ದಿನಗಳಲ್ಲಿ 8640 ಅಳತೆ. ಕೈಬಿಡುವುದು 432, ಅಂದರೆ 36 ಗಂಟೆ. ತಿಂಗಳಲ್ಲಿ ಒಂದೂವರೆ ದಿನದ ಅಬ್ಬರ ಲೆಕ್ಕಕ್ಕೆ ಬರುವುದಿಲ್ಲ. ಬ್ಯಾಕಪ್‌ಗಳನ್ನು ಆ ಮಿತಿಯೊಳಗೆ ಜಾಣತನದಿಂದ ಮುಗಿಸುವವರಿದ್ದಾರೆ.

ಎಣಿಕೆ ಓದುವವರಿಗೆ ಒಂದು ಎಚ್ಚರಿಕೆ. ಉಪಕರಣಗಳ ಸ್ಥಿತಿಯನ್ನು ದೂರದಿಂದ ಓದುವ ಎಸ್‌ಎನ್‌ಎಂಪಿ ಎಂಬ ವಿಧಾನದ ಮೂಲಕ ಸಿಗುವ ಹಳೆಯ ಎಣಿಕೆ 32 ಬಿಟ್‌ನದು, ಅದೂ ಆಕ್ಟೆಟ್‌ನಲ್ಲಿ. ನಕ್ಷೆಗೆ ಹಾಕುವ ಮೊದಲು ಎಂಟರಿಂದ ಗುಣಿಸಬೇಕು. ಅದು ಸುಮಾರು 429 ಕೋಟಿಗೆ ತುಂಬಿ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಪೂರ್ತಿ ತುಂಬಿದ ಗಿಗಾಬಿಟ್ ಮಾರ್ಗದಲ್ಲಿ ಇದಕ್ಕೆ ಬೇಕಾಗುವುದು 34 ಸೆಕೆಂಡು. ಐದು ನಿಮಿಷಕ್ಕೊಮ್ಮೆ ಓದುವವರಿಗೆ ಅದು ಎಂಟು ಸುತ್ತು ಹೊಡೆದದ್ದು ತಿಳಿಯುವುದೇ ಇಲ್ಲ, ನಕ್ಷೆ ಮಾತ್ರ ಗಂಭೀರವಾಗಿ ಸುಳ್ಳು ಹೇಳುತ್ತಿರುತ್ತದೆ. 64 ಬಿಟ್‌ನ ಎಣಿಕೆ ಇದ್ದರೆ ಅದನ್ನೇ ಓದಿ.

ಹಂತ 6: ಬಿಟ್ ಸಾಲದಿದ್ದಾಗ

ಕೆಲವು ಪ್ರಶ್ನೆಗಳಿಗೆ ಬಿಟ್ ಉತ್ತರವೇ ಅಲ್ಲ. ರೂಟರ್, ಫೈರ್‌ವಾಲ್‌ಗಳಿಗೆ ಪ್ರತಿ ಪ್ಯಾಕೆಟ್ಟೂ ಒಂದು ಕೆಲಸ; ಪ್ಯಾಕೆಟ್ ದಪ್ಪವಿರಲಿ, ತೆಳುವಿರಲಿ ದುಡಿಮೆ ಬಹುಮಟ್ಟಿಗೆ ಒಂದೇ. ಗಿಗಾಬಿಟ್ ಮಾರ್ಗದಲ್ಲಿ 1500 ಬೈಟ್‌ನ ಪ್ಯಾಕೆಟ್‌ಗಳು ಸೆಕೆಂಡಿಗೆ 81 ಸಾವಿರ ಚಿಲ್ಲರೆ ಹಿಡಿಸುತ್ತವೆ. 64 ಬೈಟ್‌ನ ಅತಿ ಚಿಕ್ಕ ಫ್ರೇಮ್‌ಗಳಾದರೆ 14,88,095. ದೊಡ್ಡ ಕಡತಗಳಲ್ಲಿ ಗಿಗಾಬಿಟ್ ಮುಟ್ಟುವ ಉಪಕರಣ ಧ್ವನಿ ಕರೆಗಳ ಸಣ್ಣ ಪ್ಯಾಕೆಟ್‌ಗಳ ಎದುರು ಸುಸ್ತಾಗಿ ಕೂರುವುದು ಇದಕ್ಕೇ. ಉಪಕರಣ ಆರಿಸುವಾಗ ಸೆಕೆಂಡಿಗೆ ಎಷ್ಟು ಪ್ಯಾಕೆಟ್ ಎಂಬ ಅಂಕಿಯನ್ನು ಕೇಳಿ ಪಡೆಯಿರಿ.

ದೂರದ ಸರ್ವರ್‌ನೊಂದಿಗೆ ವ್ಯವಹರಿಸುವಾಗ ಮಿಲಿಸೆಕೆಂಡು ಕೂಡ ಲೆಕ್ಕದೊಳಗೆ ಬರುತ್ತದೆ. ಹೋಗಿ ಬರುವ ಸಮಯ 50 ಮಿಲಿಸೆಕೆಂಡು, ಮಾರ್ಗ 100 ಮೆಗಾಬಿಟ್ ಎಂದಿಟ್ಟುಕೊಳ್ಳಿ. ಎರಡನ್ನೂ ಗುಣಿಸಿದರೆ 50 ಲಕ್ಷ ಬಿಟ್, ಅಂದರೆ 6,25,000 ಬೈಟ್ ಯಾವಾಗಲೂ ದಾರಿಯಲ್ಲಿರಬೇಕು. ಆಗ ಮಾತ್ರ ಮಾರ್ಗ ತುಂಬುತ್ತದೆ. ಕಳಿಸುವ ಯಂತ್ರ 65,535 ಬೈಟ್ ಕಳಿಸಿ ಉತ್ತರಕ್ಕೆ ಕಾಯುವ ಹಳೆಯ ಮಿತಿಯಲ್ಲೇ ಇದ್ದರೆ, ಎಷ್ಟೇ ದೊಡ್ಡ ಸಂಪರ್ಕ ಕೊಟ್ಟರೂ ಸೆಕೆಂಡಿಗೆ ಹತ್ತೂವರೆ ಮೆಗಾಬಿಟ್ ದಾಟುವುದಿಲ್ಲ. ಈ ಒಂದೇ ಲೆಕ್ಕದಲ್ಲಿ ಬಿಟ್, ಬೈಟ್, ಮಿಲಿಸೆಕೆಂಡು ಮೂರೂ ಬರುವುದರಿಂದ ಕಾಗದದ ಮೇಲೆ ಏಕಮಾನ ಸಮೇತ ಬರೆದೇ ಮಾಡಬೇಕು. ಮನಸ್ಸಿನಲ್ಲಿ ಮಾಡಿದವರು ಎಂಟರಷ್ಟೋ ಸಾವಿರದಷ್ಟೋ ತಪ್ಪುತ್ತಾರೆ.

ಹಂತ 7: ಉಪಕರಣದ ಕೈಪಿಡಿಯನ್ನು ಓದಿ, ಹೆಸರನ್ನು ನಂಬಬೇಡಿ

ಇದನ್ನು ಕಲಿತದ್ದು ಒಂದು ರಾತ್ರಿಯ ಪಾಡಿನಿಂದ. 100 ಮೆಗಾಬಿಟ್‌ನ ಮಾರ್ಗದಲ್ಲಿ ಒಂದು ದೊಡ್ಡ ನಕಲನ್ನು 10 ಮೆಗಾಬಿಟ್‌ಗೆ ಮಿತಿಗೊಳಿಸಿ ಓಡಿಸಬೇಕಿತ್ತು. ಕಡತ ನಕಲಿಸುವ ಎಸ್‌ಸಿಪಿ ಎಂಬ ಸಾಧನ ಬಳಸಿ ರೂಢಿಯಾಗಿದ್ದ ಕೈ. ಅದರಲ್ಲಿ ಮಿತಿಯ ಅಂಕಿ ಕಿಲೋಬಿಟ್‌ನಲ್ಲಿರುತ್ತದೆ. ಆ ದಿನ ಆರ್‌ಸಿಂಕ್ ಎಂಬ ಇನ್ನೊಂದು ನಕಲು ಸಾಧನ ಬಳಸುತ್ತಿದ್ದೆ, ಅದೇ ಗುಂಗಿನಲ್ಲಿ 10000 ಎಂದು ಹಾಕಿ ಮನೆಗೆ ಹೋದೆ. ಆರ್‌ಸಿಂಕ್ ಬರೀ ಅಂಕಿಯನ್ನು ಕಿಬಿಬೈಟ್ ಎಂದು ಓದುತ್ತದೆ. 10000 ಗುಣಿಸು 1024 ಗುಣಿಸು 8: ಸೆಕೆಂಡಿಗೆ ಸುಮಾರು 82 ಮೆಗಾಬಿಟ್. ರಾತ್ರಿ ಪಾಳಿಯವರಿಗೆ ಉಳಿದದ್ದು ಚೂರುಪಾರು. ಬೆಳಿಗ್ಗೆ ಬಂದ ಕರೆಗಳನ್ನು ಇಲ್ಲಿ ವಿವರಿಸುವ ಅಗತ್ಯವಿಲ್ಲ.

ಲಿನಕ್ಸ್‌ನಲ್ಲಿ ಹರಿವಿಗೆ ಮಿತಿ ಹಾಕುವ ಟಿಸಿ ಎಂಬ ಸಾಧನ ಇನ್ನೂ ಕಿಡಿಗೇಡಿ. ಅದರಲ್ಲಿ ‘ಎಂಬಿಪಿಎಸ್’ ಎಂದು ಬರೆದರೆ ಲೋಕವೆಲ್ಲ ಮೆಗಾಬಿಟ್ ಎಂದುಕೊಳ್ಳುತ್ತದೆ, ಟಿಸಿ ಮಾತ್ರ ಮೆಗಾಬೈಟ್ ಎಂದು ಓದುತ್ತದೆ. ಮೆಗಾಬಿಟ್ ಬೇಕಿದ್ದರೆ ‘ಎಂಬಿಟ್’ ಎಂದೇ ಬರೆಯಬೇಕು. ವೇಗ ಅಳೆಯುವ ಐಪರ್ಫ್3ರ ಫಲಿತಾಂಶದಲ್ಲಿ ಒಂದೇ ಸಾಲಿನಲ್ಲಿ ಎರಡು ಲೆಕ್ಕ ಇರುತ್ತದೆ: ಸಾಗಿದ ಮೊತ್ತ 1024ರ ಲೆಕ್ಕದ ಬೈಟ್‌ನಲ್ಲಿ, ವೇಗ ಸಾವಿರದ ಲೆಕ್ಕದ ಬಿಟ್‌ನಲ್ಲಿ. ಮೊತ್ತವನ್ನು ಎಂಟರಿಂದ ಗುಣಿಸಿ ಸಮಯದಿಂದ ಭಾಗಿಸಿದಾಗ ವೇಗಕ್ಕೆ ತಾಳೆಯಾಗದಿದ್ದರೆ ಗಾಬರಿಯಾಗಬೇಡಿ. ಕಡತ ಇಳಿಸಿಕೊಳ್ಳಲು ಬಳಸುವ ಕರ್ಲ್ ತೋರಿಸುವ ವೇಗ ಬೈಟ್‌ನದು. ಅಂಥದೇ ಕೆಲಸದ ಡಬ್ಲ್ಯುಗೆಟ್ ಕೂಡ ಬೈಟ್‌ನಲ್ಲೇ ತೋರಿಸುತ್ತದೆ, ಕೇಳಿದರೆ ಬಿಟ್‌ನಲ್ಲೂ ಹೇಳುತ್ತದೆ.

ಹೊಸ ಉಪಕರಣ ಕೈಗೆ ಬಂದಾಗ ನಾನು ಈಗ ಮಾಡುವ ಪರೀಕ್ಷೆ ಇದು. ಗಾತ್ರ ನಿಖರವಾಗಿ ಗೊತ್ತಿರುವ ಕಡತವೊಂದನ್ನು, ಉದಾಹರಣೆಗೆ 10 ಕೋಟಿ ಬೈಟ್‌ನದನ್ನು, ಗಡಿಯಾರ ಹಿಡಿದು ಕಳಿಸುತ್ತೇನೆ. ನಮ್ಮ ಸಂಪರ್ಕದಲ್ಲಿ ಅದು ಎಂಟೂವರೆ ಸೆಕೆಂಡು ಹಿಡಿಯಬೇಕು. ಆ ಹೊತ್ತಿನಲ್ಲಿ ಉಪಕರಣ 94 ಎಂದರೆ ಮೆಗಾಬಿಟ್, 11.8 ಎಂದರೆ ಮೆಗಾಬೈಟ್, 11.2 ಎಂದರೆ ಮೆಬಿಬೈಟ್. ಲೇಬಲ್‌ನಲ್ಲಿ ಏನು ಬರೆದಿದೆ ಎಂಬುದನ್ನು ಆಮೇಲೆ ನೋಡಿದರಾಯಿತು.

ಹಂತ 8: ಬರೆಯುವುದು

ರೋಮನ್ ಲಿಪಿಯಲ್ಲಿ ಚಿಕ್ಕ ‘ಬಿ’ ಬಿಟ್‌ಗೆ, ದೊಡ್ಡ ‘ಬಿ’ ಬೈಟ್‌ಗೆ. ಕಿಲೋಗೆ ಚಿಕ್ಕ ‘ಕೆ’. ದೊಡ್ಡದು ಕೆಲ್ವಿನ್ ಎಂಬ ತಾಪಮಾನದ ಏಕಮಾನ. ಮೆಗಾಕ್ಕೆ ದೊಡ್ಡ ‘ಎಂ’. ಚಿಕ್ಕದು ಬರೆದರೆ ಮಿಲಿ, ಅಂದರೆ ಒಂದು ಬಿಟ್‌ನ ಸಾವಿರದ ಒಂದು ಭಾಗ. ಎಲ್ಲವನ್ನೂ ಚಿಕ್ಕಕ್ಷರದಲ್ಲಿ ಬರೆದ ಜಾಹೀರಾತುಗಳು ಅಕ್ಷರಶಃ ಏನು ಮಾರುತ್ತಿವೆ ಎಂದು ಯೋಚಿಸಿದರೆ ನಗು ಬರುತ್ತದೆ. ರೋಮನ್‌ನಲ್ಲಿ ಬರೆಯಲೇಬೇಕಾದಾಗ ‘ಬಿಟ್’ ಎಂಬ ಪದವನ್ನು ಮೂರೂ ಅಕ್ಷರ ಬಿಡಿಸಿ ಬರೆಯುವುದು ಕ್ಷೇಮ.

ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲ. ‘ಎಂಬಿ’ ಎಂದು ಬರೆದರೆ ಮೆಗಾಬಿಟ್ಟೋ ಮೆಗಾಬೈಟೋ ದೇವರೇ ಬಲ್ಲ. ಇದು ನಮ್ಮ ಲಿಪಿಯ ಕೊರತೆ ಎಂದು ಕೆಲವರು ಅಂದುಕೊಳ್ಳುತ್ತಾರೆ, ನನಗಿದು ಉಪಕಾರವೆನಿಸಿದೆ. ಸಂಕ್ಷೇಪದ ಆಸೆ ಬಿಟ್ಟು ‘ಸೆಕೆಂಡಿಗೆ 100 ಮೆಗಾಬಿಟ್’ ಎಂದು ಪೂರ್ತಿ ಬರೆಯದೆ ನಮಗೆ ಗತಿಯಿಲ್ಲ, ಪೂರ್ತಿ ಬರೆದ ಮೇಲೆ ಗೊಂದಲಕ್ಕೆ ಜಾಗವಿಲ್ಲ.

ಕೋಷ್ಟಕ ಮಾಡುವಾಗ ಒಂದು ಕಾಲಂಗೆ ಒಂದೇ ಏಕಮಾನ ಇರಲಿ. ಮೊದಲ ಸಾಲಿನಲ್ಲಿ 940 ಮೆಗಾಬಿಟ್, ಎರಡನೆಯದರಲ್ಲಿ 1.2 ಗಿಗಾಬಿಟ್ ಎಂದಿದ್ದರೆ ಕಣ್ಣು 940ನ್ನೇ ದೊಡ್ಡದೆಂದು ಓದುತ್ತದೆ. ದಶಮಾಂಶದ ನಂತರ ನಾಲ್ಕು ಅಂಕಿ ಬೇಡ. ಎರಡು ಸಲ ಅಳೆದರೆ ಎರಡನೆಯ ಅಂಕಿಯೇ ಬದಲಾಗುವ ಅಳತೆಗೆ ಅಷ್ಟು ಬಿಂಕವೇಕೆ? ಬಳಕೆಯನ್ನು ಶೇಕಡಾವಾರು ಹೇಳುವುದಾದರೆ ಯಾವುದರ ಶೇಕಡಾ ಎಂಬುದೂ ಜೊತೆಗಿರಲಿ. ಒಂದು ಅಳತೆಯ ಸಾಲು ನನ್ನ ವರದಿಗಳಲ್ಲಿ ಈಗ ಹೀಗಿರುತ್ತದೆ: ‘ಒಳಹರಿವು, ಸೆಕೆಂಡಿಗೆ 94 ಮೆಗಾಬಿಟ್, ಟಿಸಿಪಿ ಮಟ್ಟದಲ್ಲಿ, 60 ಸೆಕೆಂಡಿನ ಸರಾಸರಿ, ಪೋರ್ಟ್‌ನ ಸಾಮರ್ಥ್ಯ 100 ಮೆಗಾಬಿಟ್.’ ಉದ್ದವಾಯಿತು ಎಂದು ಒಬ್ಬರು ಆಕ್ಷೇಪಿಸಿದ್ದುಂಟು. ಆ ಸಾಲಿನ ಬಗ್ಗೆ ಮರುಪ್ರಶ್ನೆ ಕೇಳಿ ಕರೆ ಮಾಡಿದವರು ಮಾತ್ರ ಇದುವರೆಗೆ ಯಾರೂ ಇಲ್ಲ.